ಮಾವನ ಪ್ಲೇಟು, ಅಳಿಯನ ಸುರುಳಿ

ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂಬ ಮೂರು ಊರುಗಳು ಕರಾವಳಿಯ ಹೆದ್ದಾರಿಯ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಸಾಲಾಗಿ ಕುಳಿತಿವೆ. ಹಿಂದೆ 17 ಎಂಬ ಸಂಖ್ಯೆ ಹೊತ್ತಿದ್ದ ಆ ಹೆದ್ದಾರಿಗೆ 2010ರಲ್ಲಿ 66 ಎಂಬ ಸಂಖ್ಯೆ ಬಂದಿತು. ಸಂಖ್ಯೆ ಬದಲಾದರೂ ಮಳೆಗಾಲ ಬದಲಾಗಲಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಸೀಮೆ ಇದು. ಹೆದ್ದಾರಿ ಹೇಗೇ ಇರಲಿ, ಅದರಿಂದ ಒಳಕ್ಕೆ ಕವಲೊಡೆಯುವ ದಾರಿಗಳಲ್ಲಿ ಆಷಾಢ ಕಳೆಯುವುದರೊಳಗೆ ಹೊಂಡಗಳು ಬಾಯಿ ತೆರೆಯುತ್ತವೆ. ಹೊಂಡವಿದ್ದಲ್ಲಿ ಲಾರಿಯ ಪ್ಲೇಟು ಮುರಿಯುತ್ತದೆ. ಪ್ಲೇಟು ಮುರಿದಲ್ಲಿ ಪ್ಲೇಟು ಕಟ್ಟುವವನ ಮನೆಯ ಒಲೆ ಉರಿಯುತ್ತದೆ.

ಕುಂದಾಪುರದ ಅಂಥದೊಂದು ತಗಡಿನ ಶೆಡ್ಡಿನ ಒಡೆಯರಿಗೆ ಊರಿನವರು ಇಟ್ಟ ಹೆಸರು ಪ್ಲೇಟಿನ ಮೇಸ್ತ್ರಿ. ನಲವತ್ತು ವರ್ಷಗಳಿಂದ ಅವರ ಕೈ ಮುಟ್ಟಿದ್ದೆಲ್ಲ ಬಾಗಿದ ಉಕ್ಕಿನ ಪಟ್ಟಿಗಳೇ. ಲಾರಿ, ಬಸ್ಸು, ಜೀಪುಗಳ ಅಡಿಯಲ್ಲಿ ಬಿಲ್ಲಿನಂತೆ ಬಾಗಿ ಕುಳಿತಿರುವ ಈ ಪಟ್ಟಿಗಳನ್ನು ಅವರು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟು ತೂರಿಸಿ, ಯು ಬೋಲ್ಟಿನಿಂದ ಆ್ಯಕ್ಸಲಿಗೆ ಬಿಗಿಯುತ್ತಾರೆ. ಎಲ್ಲಕ್ಕಿಂತ ಮೇಲಿನದು ಮೈನ್ ಪ್ಲೇಟು; ಅದರ ಎರಡು ತುದಿಗಳ ಕಣ್ಣುಗಳಲ್ಲಿ ಇಡೀ ಗಾಡಿಯ ಭಾರ ತೂಗುತ್ತದೆ. ಮುರಿದ ಪ್ಲೇಟನ್ನೂ ಯಾರೂ ಎಸೆಯುವುದಿಲ್ಲ. ಊರಿನ ಆಚಾರಿಯ ಕುಲುಮೆಗೆ ಅದು ಹೋಗುತ್ತದೆ. ಕತ್ತಿಯಾಗಿ ತೆಂಗಿನ ತೋಟಕ್ಕೆ ಮರಳುತ್ತದೆ.

ಮೇಸ್ತ್ರಿಯವರ ವಿದ್ಯೆಯ ಮೂಲಸೂತ್ರ ಒಂದೇ: ಪ್ಲೇಟು ಸೇರಿಸಿದರೆ ಗಡಸು, ತೆಗೆದರೆ ಮೆದು. ಎಲ್ಲ ಪ್ಲೇಟುಗಳೂ ಒಟ್ಟಿಗೆ ಬಾಗುವುದರಿಂದ ಭಾರವು ಅವುಗಳಲ್ಲಿ ಹಂಚಿಹೋಗುತ್ತದೆ. ಹತ್ತು ಮಂದಿ ಹೊರುವ ಪಲ್ಲಕ್ಕಿಗೆ ಹನ್ನೊಂದನೆಯವನು ಹೆಗಲು ಕೊಟ್ಟಂತೆ. ದಪ್ಪದ ಲೆಕ್ಕ ಮಾತ್ರ ಬೇರೆ. ಒಂದು ಪಟ್ಟಿಯ ದಪ್ಪವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಅದರ ಗಡಸುತನ ಮೂರರಲ್ಲೊಂದು ಪಾಲು ಏರುತ್ತದೆ. ಈ ಗಣಿತವನ್ನು ಅವರು ಶಾಲೆಯಲ್ಲಿ ಕಲಿತವರಲ್ಲ. ಪಟ್ಟಿಯನ್ನು ಬೆರಳಿನಲ್ಲಿ ಹಿಡಿದು ಎತ್ತಿದೊಡನೆ ಅದು ಯಾವ ಗಾಡಿಗೆ ತಕ್ಕುದೆಂದು ಹೇಳಬಲ್ಲವರು.

ಅವರ ತಂಗಿಯ ಮನೆ ಬ್ರಹ್ಮಾವರದಲ್ಲಿ. ತಂಗಿಯ ಮಗ ಅಲ್ಲಿಯದೇ ಒಂದು ಗ್ಯಾರೇಜಿನಲ್ಲಿ ಕಾರುಗಳ ಕೆಲಸ ಮಾಡುವವನು. ಸೋದರಮಾವನ ಮಾತನ್ನು ಅಳಿಯ ಮೀರಬಾರದೆಂಬ ನಡವಳಿಕೆ ಆ ಸೀಮೆಯಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಆದರೆ ಕಬ್ಬಿಣದ ವಿಷಯದಲ್ಲಿ ಮಾವ ಅಳಿಯಂದಿರ ಲೋಕ ಬೇರೆ ಬೇರೆ. ಮಾವನದು ಪ್ಲೇಟು, ಅಳಿಯನದು ಸುರುಳಿ. ಈ ಕಾಲದ ಕಾರುಗಳು ಬಹುತೇಕ ಸುರುಳಿ ಸ್ಪ್ರಿಂಗಿನ ಮೇಲೆಯೇ ನಿಲ್ಲುತ್ತವೆ. ಮೇಸ್ತ್ರಿಯವರಿಗೆ ಆ ಸುರುಳಿಗಳ ಮೇಲೆ ಅಂಥ ಗೌರವವೇನೂ ಇರಲಿಲ್ಲ. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ನಾಲ್ಕು ಚಕ್ರಕ್ಕೂ ಪ್ಲೇಟನ್ನೇ ಕಟ್ಟಿಕೊಂಡು ದೇಶದ ರ್‍ಯಾಲಿಗಳಲ್ಲಿ ಓಡಿತಲ್ಲವೇ ಎಂಬುದು ಅವರ ವಾದ.

ರ್‍ಯಾಲಿಯ ಮಾತು ಆ ಮನೆಗೆ ಬಂದುದು ಅಳಿಯನಿಂದ. ಮಣ್ಣಿನ ಮೇಲಿನ ಓಟ ಕರಾವಳಿಗೆ ಹೊಸದಲ್ಲ. ಕಂಬಳದ ಕೆಸರುಗದ್ದೆಯ ಅಂಚಿನಲ್ಲಿ ನಿಂತು ಬೆಳೆದ ಮಕ್ಕಳಿಗೆ ನೆಲದ ಗುಣ ತಿಳಿದು ಓಡಬೇಕೆಂಬ ಪಾಠ ತಾನಾಗಿಯೇ ಬರುತ್ತದೆ. ಕಾಸರಗೋಡಿನ ಮೂಸಾ ಶರೀಫರು ಸಹಚಾಲಕರಾಗಿ ದೇಶದ ರ್‍ಯಾಲಿಗಳಲ್ಲಿ ಹೆಸರು ಗಳಿಸಿದುದನ್ನು ಕರಾವಳಿಯ ಹುಡುಗರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಅಳಿಯನೂ ಹಳೆಯದೊಂದು ಪುಟ್ಟ ಕಾರನ್ನು ಕೊಂಡು, ಸೀಟುಗಳನ್ನು ಕಿತ್ತು, ಒಳಗೆ ಉಕ್ಕಿನ ಕೊಳವೆಗಳ ಪಂಜರ ಕಟ್ಟಿಸಿ, ಮಣ್ಣಿನ ಓಟಕ್ಕೆ ಇಳಿದನು.

ಮೊದಲ ವರ್ಷ ಅವನು ಎಲ್ಲ ಹುಡುಗರಂತೆ ಒಂದು ನಂಬಿಕೆ ಇಟ್ಟುಕೊಂಡಿದ್ದನು: ಓಟದ ಕಾರು ಕುಳ್ಳಗಿರಬೇಕು, ಗಡಸಾಗಿರಬೇಕು. ಅದಕ್ಕಾಗಿ ಕಾರಿನ ಸುರುಳಿಗಳನ್ನು ಕತ್ತರಿಸಿದನು. ಎಂಟು ಸುತ್ತಿನ ಸ್ಪ್ರಿಂಗಿನಿಂದ ಎರಡು ಸುತ್ತು ಕತ್ತರಿಸಿದರೆ ಉಳಿದುದು ಮೂರರಲ್ಲೊಂದು ಪಾಲು ಹೆಚ್ಚು ಗಡಸಾಗುತ್ತದೆ. ಅದೂ ಸಾಲದೆಂದು ಮುಂದಿನ ಚಕ್ರಗಳಿಗೆ ದಪ್ಪ ತಂತಿಯ ಬೇರೆ ಸ್ಪ್ರಿಂಗುಗಳನ್ನೇ ತಂದು ಹಾಕಿದನು. ತಂತಿಯ ದಪ್ಪ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಸುರುಳಿಯ ಗಡಸುತನ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಈ ವಿಷಯದಲ್ಲಿ ಸುರುಳಿ ಪ್ಲೇಟಿಗಿಂತಲೂ ಸೂಕ್ಷ್ಮ. ಡಾಂಬರಿನ ಮೇಲೆ ಆ ಕಾರು ಚೆನ್ನಾಗಿಯೇ ಓಡಿತು. ಘಟ್ಟದ ಮೇಲಿನ ಒಂದು ಊರಿನ ಮಣ್ಣಿನ ಓಟದಲ್ಲಿ ಮಾತ್ರ ಮೂರನೆಯ ಸುತ್ತಿನ ತಿರುವಿನಲ್ಲಿ ಮುಂದಿನ ಚಕ್ರ ಹೊಂಡವೊಂದನ್ನು ಹಾರಿ ಗಾಳಿಯಲ್ಲಿ ನಿಂತಿತು. ಚಕ್ರ ನೆಲದಲ್ಲಿಲ್ಲದಿದ್ದರೆ ಸ್ಟಿಯರಿಂಗು ತಿರುಗಿಸಿ ಫಲವೇನು? ಕಾರು ನೇರವಾಗಿ ಹೋಗಿ ಮಣ್ಣಿನ ದಂಡೆಯನ್ನೇರಿ ಮಗುಚಿತು. ಪಂಜರ ಅವನನ್ನು ಉಳಿಸಿತು. ಭುಜದ ಎಲುಬು ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಎಲುಬು ಕೂಡಿದ ಮೇಲೆ ಅವನು ಮತ್ತೆ ಕಾರಿನ ಅಡಿಗೆ ಹೋದನು. ಆಗ ತಂಗಿ ಕುಂದಾಪುರದ ಬಸ್ಸು ಹತ್ತಿ ಅಣ್ಣನ ಶೆಡ್ಡಿಗೆ ಬಂದಳು.

"ಅಣ್ಣಯ್ಯ, ನಿಮ್ ಮಾತ್ ಅಂದ್ರೆ ಅಂವ ಮೀರುದಿಲ್ಲೆ. ಹೊಸ ಸ್ಪ್ರಿಂಗ್ ತಕಂಡ್ ನಿಮ್ ಹತ್ರವೇ ಬತ್ತ. ಇದ್ ಆತಿಲ್ಲೆ ಅಂದ್ ಹೇಳಿ. ಅಷ್ಟೇ ಸಾಕ್."

ಮೇಸ್ತ್ರಿಯವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಚಹಾ ತರಿಸಿಕೊಟ್ಟು ಕಳುಹಿಸಿದರು.

ಮರುವಾರ ಅಳಿಯ ಬಂದನು. ಅವನ ಚೀಲದಲ್ಲಿ ಚಕ್ರಕ್ಕೆ ಒಂದರಂತೆ ಅಲ್ಲ, ಎರಡೆರಡು ಸ್ಪ್ರಿಂಗುಗಳು. ಒಂದು ಗಡಸು: ಒಂದು ಸೆಂಟಿಮೀಟರು ಕುಗ್ಗಲು 75 ಕಿಲೋ ಭಾರ ಬೇಕು. ಇನ್ನೊಂದು ಮೆದು: 50 ಕಿಲೋ ಸಾಕು. ಶಾಕ್ ಅಬ್ಸಾರ್ಬರಿನ ಕೊಳವೆಯ ಸುತ್ತ ಇವನ್ನು ಒಂದರ ಮೇಲೊಂದು ನಿಲ್ಲಿಸಬೇಕೆಂಬುದು ಅವನ ಯೋಜನೆ.

"ಎಂತ ಮಾಣಿ ಇದ್? ಒಂದ್ ಗಟ್ಟಿ ಇದ್ದದ್ದೇ ನಿನ್ನ ಮಗುಚಿ ಹಾಕ್ತ್. ಈಗ ಎರಡಾ?" ಎಂದರು ಮೇಸ್ತ್ರಿ.

"ಇಲ್ಲೆ ಮಾವ, ಒಂದ್ರ ಮೇಲ್ ಒಂದ್ ಇಟ್ರೆ ಮೆತ್ತಗಾತ್ತ್."

ನಲವತ್ತು ವರ್ಷ ಪ್ಲೇಟಿನ ಮೇಲೆ ಪ್ಲೇಟು ಕಟ್ಟಿದ ಕೈಗಳಿಗೆ ಈ ಮಾತು ಹುಡುಗಾಟವೆನಿಸಿತು. ತಂಗಿಗೆ ಬೇಕಾಗಿದ್ದ ಮಾತು ಆ ಕ್ಷಣದಲ್ಲಿ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಇದು ಆಗದೆಂದು ಅವರು ಆಗ ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವರ ನಂಬಿಕೆಯೇ ಹಾಗಿತ್ತು. ಆದರೆ ಅವರು ಯಾವ ಕಬ್ಬಿಣವನ್ನೂ ಪರೀಕ್ಷಿಸದೆ ಬಯ್ದವರಲ್ಲ. ಶೆಡ್ಡಿನ ಮೂಲೆಯಲ್ಲಿ ಹೊಸ ಗೋಡೆಗೆಂದು ತರಿಸಿದ್ದ ಸಿಮೆಂಟಿನ ಮೂಟೆಗಳಿದ್ದವು; ಒಂದೊಂದು 50 ಕಿಲೋ. ನೆಲದಲ್ಲಿ ಕಬ್ಬಿಣದ ಕೊಳವೆಯೊಂದನ್ನು ನೆಟ್ಟು, ಅದಕ್ಕೆ ಸ್ಪ್ರಿಂಗು ತೊಡಿಸಿ, ಮೇಲೆ ತೂತು ಕೊರೆದ ಹಲಗೆಯಿಟ್ಟು, ಹಲಗೆಯ ಎರಡು ಬದಿಗೂ ಆಳು ನಿಲ್ಲಿಸಿ, ಮೂರು ಮೂಟೆಗಳನ್ನು ಹೇರಿಸಿದರು.

ಗಡಸಿನ ಸ್ಪ್ರಿಂಗೊಂದೇ ಇದ್ದಾಗ 150 ಕಿಲೋ ಭಾರಕ್ಕೆ ಅದು 2 ಸೆಂಟಿಮೀಟರು ತಗ್ಗಿತು. ಮೆದುವಿನದೊಂದೇ ಇದ್ದಾಗ 3 ಸೆಂಟಿಮೀಟರು. ಬಳಿಕ ಎರಡನ್ನೂ ಒಂದರ ಮೇಲೊಂದು ನಿಲ್ಲಿಸಿ ಅದೇ ಮೂರು ಮೂಟೆಗಳನ್ನು ಹೇರಿದರು. ಹಲಗೆ 5 ಸೆಂಟಿಮೀಟರು ಇಳಿಯಿತು. ಮೇಸ್ತ್ರಿಯವರು ಅಳತೆಪಟ್ಟಿಯನ್ನು ಎರಡು ಸಲ ಹಿಡಿದು ನೋಡಿದರು. ಸೆಂಟಿಮೀಟರಿಗೆ 75 ಕಿಲೋದ್ದೂ 50 ಕಿಲೋದ್ದೂ ಕೂಡಿ 125 ಆಗಲಿಲ್ಲ. ಬರಿಯ 30 ಆಯಿತು.

ಕಾರಣ ಸರಳವಾದುದು. ಪ್ಲೇಟುಗಳು ಅಕ್ಕಪಕ್ಕದ ಹೆಗಲುಗಳಂತೆ ಭಾರವನ್ನು ಹಂಚಿಕೊಳ್ಳುತ್ತವೆ. ಒಂದರ ಮೇಲೊಂದು ನಿಂತ ಸುರುಳಿಗಳು ಭಾರವನ್ನು ಹಂಚಿಕೊಳ್ಳುವುದಿಲ್ಲ; ಮೇಲಿನದು ಹೊತ್ತ ಭಾರವನ್ನೇ ಕೆಳಗಿನದೂ ಇಡಿಯಾಗಿ ಹೊರುತ್ತದೆ, ಇದರ ಕುಗ್ಗು ಅದರ ಕುಗ್ಗಿಗೆ ಸೇರುತ್ತದೆ. ಭಾರಕ್ಕೆ ತಕ್ಕಂತೆ ಕುಗ್ಗು ಎಂಬ ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದನು. ಅಳಿಯ ಅಷ್ಟು ದೂರ ಹೋಗಲಿಲ್ಲ. ಸುರುಳಿ ಕತ್ತರಿಸಿದರೆ ಗಡಸಾಗುವುದಾದರೆ ಸುರುಳಿಗೆ ಸುರುಳಿ ಸೇರಿಸಿದರೆ ಮೆದುವಾಗಲೇಬೇಕಲ್ಲವೇ ಎಂದು ಕೇಳಿದನು. ಕತ್ತರಿಸಿ ಕೆಟ್ಟವನ ಬಾಯಿಂದ ಬಂದ ಆ ಮಾತಿಗೆ ಮಾವನಲ್ಲಿ ಉತ್ತರವಿರಲಿಲ್ಲ.

ಆದರೆ ಅವರದೊಂದು ಪ್ರಶ್ನೆ ಉಳಿದಿತ್ತು. ಮೆದುವಾದುದು ಸರಿ; ಕಾರು ದಿಬ್ಬವೊಂದನ್ನು ಹಾರಿ ಕೆಳಗೆ ಬಿದ್ದಾಗ ಈ ಮೆದುವು ಆ ಪೆಟ್ಟನ್ನು ತಡೆದೀತೇ? ಆಗ ಅಳಿಯ ಚೀಲದಿಂದ ಇನ್ನೆರಡು ಸಾಮಾನುಗಳನ್ನು ತೆಗೆದನು. ಒಂದು, ಎರಡು ಸ್ಪ್ರಿಂಗುಗಳ ನಡುವೆ ಕುಳಿತು ಕೊಳವೆಯ ಮೇಲೆ ಜಾರುವ ತಟ್ಟೆ. ಇನ್ನೊಂದು, ಕೊಳವೆಯ ಥ್ರೆಡ್ಡಿನಲ್ಲಿ ತಿರುಗಿಸಿ ಬೇಕಾದ ಎತ್ತರದಲ್ಲಿ ನಿಲ್ಲಿಸುವ ಬಳೆ. ಭಾರ ಹೆಚ್ಚಿದಂತೆ ತಟ್ಟೆ ಮೇಲೇರುತ್ತದೆ. ಅದು ಬಳೆಗೆ ತಾಗಿದೊಡನೆ ಮೇಲಿನ ಮೆದು ಸ್ಪ್ರಿಂಗು ಅಲ್ಲಿಗೇ ನಿಲ್ಲುತ್ತದೆ. ಆ ಮೇಲಿನ ಪೆಟ್ಟೆಲ್ಲ ಕೆಳಗಿನ ಗಡಸಿನದೇ ಪಾಲು. ಮೆದುವು 6 ಸೆಂಟಿಮೀಟರು ಕುಗ್ಗಿದಾಗ ಬಳೆ ತಡೆಯುವಂತಿದ್ದರೆ 300 ಕಿಲೋ ಭಾರದವರೆಗೆ ಚಕ್ರಕ್ಕೆ ಸೆಂಟಿಮೀಟರಿಗೆ 30 ಕಿಲೋದ ಮೆದು ನಡೆ. ಅದನ್ನು ದಾಟಿದರೆ 75 ಕಿಲೋದ ಗಡಸು ತಡೆ.

ಮೇಸ್ತ್ರಿಯವರ ಮುಖ ಅರಳಿತು. "ಇದ್ ನಮ್ ಹೆಲ್ಪರ್ ಅಲ್ದಾ!" ಎಂದರು.

ಲಾರಿಯ ಹಿಂದಿನ ಪ್ಲೇಟುಗಳ ಮೇಲೆ ಹೆಲ್ಪರ್ ಎಂಬ ಇನ್ನೊಂದು ಪುಟ್ಟ ಕಟ್ಟು ಇರುತ್ತದೆ. ಲಾರಿ ಖಾಲಿಯಿರುವಾಗ ಅದು ಯಾವುದಕ್ಕೂ ತಾಗದೆ ಸುಮ್ಮನಿರುತ್ತದೆ. ಕಲ್ಲೋ ಮರಳೋ ತುಂಬಿದಾಗ ಚಾಸಿ ಕೆಳಗಿಳಿದು ಅದರ ತುದಿಗಳಿಗೆ ಒರಗುತ್ತದೆ, ಅಲ್ಲಿಂದ ಮುಂದಕ್ಕೆ ಅದೂ ಭಾರ ಹೊರುತ್ತದೆ. ಮೊದಲು ಮೆದು, ಆಮೇಲೆ ಗಡಸು. ಪ್ಲೇಟಿನಲ್ಲಿ ಇನ್ನೊಂದು ಬಂದು ಸೇರಿಕೊಂಡು ಗಡಸು. ಸುರುಳಿಯಲ್ಲಿ ಇದ್ದುದೊಂದು ನಿಂತುಹೋಗಿ ಗಡಸು. ದಾರಿ ಎರಡಾದರೂ ಸೇರುವ ಊರು ಒಂದೇ. ಅಲ್ಲಿಂದ ಮುಂದೆ ಮಾವ ಅಳಿಯರ ಮಾತು ಒಂದೇ ಭಾಷೆಯಲ್ಲಿ ಸಾಗಿತು.

ಕಾರು ಮಗುಚಿದುದೇಕೆಂಬ ಲೆಕ್ಕವನ್ನೂ ಅಂದು ಇಬ್ಬರೂ ಹಾಕಿದರು. ಆ ಪುಟ್ಟ ಕಾರಿನ ಮುಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ ಸುಮಾರು 210 ಕಿಲೋ ಭಾರ ಕೂರುತ್ತದೆ. 75 ಕಿಲೋದ ಗಡಸು ಸ್ಪ್ರಿಂಗು ಆ ಭಾರಕ್ಕೆ ಮೂರು ಸೆಂಟಿಮೀಟರಿಗಿಂತಲೂ ಕಡಿಮೆ ಕುಗ್ಗಿರುತ್ತದೆ. ಎಂದರೆ ಚಕ್ರದ ಕೆಳಗೆ ಅದಕ್ಕಿಂತ ಆಳದ ಹೊಂಡ ಒಮ್ಮೆಲೇ ಬಂದರೆ ಸ್ಪ್ರಿಂಗು ಚಕ್ರವನ್ನು ನೆಲಕ್ಕೆ ಒತ್ತಲಾರದು. ಅದರ ಕಸುವು ಅಲ್ಲಿಗೇ ಮುಗಿಯಿತು. ಎರಡು ಸ್ಪ್ರಿಂಗು ಸೇರಿದ 30 ಕಿಲೋದ ಜೋಡಿಯಾದರೋ ಅದೇ ಭಾರಕ್ಕೆ 7 ಸೆಂಟಿಮೀಟರು ಕುಗ್ಗಿ ಕುಳಿತಿರುತ್ತದೆ. ಚಕ್ರವನ್ನು 7 ಸೆಂಟಿಮೀಟರು ಆಳದವರೆಗೂ ಒತ್ತುವ ಬಲ ಅದರಲ್ಲಿ ಉಳಿದಿರುತ್ತದೆ. ಡಾಂಬರಿನ ಓಟಕ್ಕೂ ಮಣ್ಣಿನ ಓಟಕ್ಕೂ ಇರುವ ಅಂತರ ಇದೇ. ಡಾಂಬರಿನಲ್ಲಿ ಸ್ಪ್ರಿಂಗು ಕಾರನ್ನು ಎತ್ತಿ ಹಿಡಿದರೆ ಸಾಕು. ಮಣ್ಣಿನಲ್ಲಿ ಅದು ಚಕ್ರವನ್ನು ಕೆಳಗೆ ಕಳುಹಿಸಲೂ ಬೇಕು.

ಕಾಗದದ ಮೇಲೆ ಲೆಕ್ಕ ಮುಗಿದಾಗ ಸಂಜೆಯಾಗಿತ್ತು. ಆಗ ಮೇಸ್ತ್ರಿಯವರು ತಂಗಿ ಬಂದು ಹೋದ ಸಂಗತಿಯನ್ನು ಅಳಿಯನಿಗೆ ಮುಚ್ಚಿಡದೆ ತಿಳಿಸಿದರು. ಇದು ಅವರ ಕಸುಬಿನ ಧರ್ಮ. ಬಹಳ ಹಿಂದೆ ಒಬ್ಬ ಧಣಿ ತನ್ನ ಲಾರಿಗೆ ಎರಡು ಪ್ಲೇಟು ಹೆಚ್ಚಿಗೆ ಕಟ್ಟಿಸಿ, ಡ್ರೈವರಿಗೆ ಹೇಳಬೇಡಿರೆಂದಿದ್ದನು. ಪ್ಲೇಟು ಹೆಚ್ಚಿದರೆ ಲಾರಿ ಹೆಚ್ಚು ಕಲ್ಲು ಹೊರುವಂತೆ ಕಾಣುತ್ತದೆ. ಬ್ರೇಕು ಮಾತ್ರ ಹಳೆಯದೇ, ಟಯರೂ ಹಳೆಯದೇ. ಬಾಳೆಬರೆ ಘಾಟಿಯನ್ನು ಇಳಿಯುವವನು ಧಣಿಯಲ್ಲ. ಮೇಸ್ತ್ರಿಯವರು ಡ್ರೈವರನ್ನು ಕರೆದು ತೋರಿಸಿಯೇ ಕಳುಹಿಸಿದ್ದರು. ಆ ಧಣಿಯ ಲಾರಿ ಮತ್ತೆ ಅವರ ಶೆಡ್ಡಿಗೆ ಬರಲಿಲ್ಲ. ಗಾಡಿಯಲ್ಲಿ ಕೂರುವವನಿಗೆ ಗಾಡಿಯ ಬಗ್ಗೆ ಸುಳ್ಳು ಹೇಳಬಾರದೆಂಬ ಅಂದಿನ ನಿಯಮವನ್ನು ಅವರು ತಂಗಿಯ ಕಣ್ಣೀರಿಗಾಗಿಯೂ ಮುರಿಯಲಾರದೆ ಹೋದರು.

ರಾತ್ರಿ ಫೋನಿನಲ್ಲಿ ತಂಗಿಗೆ ಅವರು ಹೇಳಿದ್ದು ಇಷ್ಟು: "ಹೆದ್ರಿಕೆ ನಂಗೂ ಇತ್ತ್. ಆದ್ರೆ ಕಬ್ಬಿಣದ್ ಬಗ್ಗೆ ಸುಳ್ ಹೇಳುಕ್ ನಂಗ್ ಬತ್ತಿಲ್ಲೆ. ಬೇಡ ಅಂದ್ರೂ ಅಂವ ಹೋತ. ಹೋಪವ ಸಮಾ ಇಪ್ಪ ಗಾಡ್ಯಂಗೆ ಹೋಗ್ಲಿ." ಆ ಕಡೆಯಿಂದ ಉತ್ತರ ಬರಲಿಲ್ಲ, ಫೋನು ಇಟ್ಟ ಸದ್ದು ಮಾತ್ರ ಕೇಳಿಸಿತು. ಆಮೇಲೆ ಒಂದು ತಿಂಗಳ ಕಾಲ ಬ್ರಹ್ಮಾವರದಿಂದ ಕುಂದಾಪುರಕ್ಕೆ ಯಾವ ಕರೆಯೂ ಬರಲಿಲ್ಲ.

ಪರೀಕ್ಷೆ ನಡೆದುದು ಬೈಂದೂರಿನ ಕಡೆ. ಒತ್ತಿನೆಣೆಯ ಏರಿನ ಆಸುಪಾಸಿನಲ್ಲಿ ಕಾಣುವಂಥ ಕೆಂಪು ಮುರಕಲ್ಲಿನ ಬೋಳುಗುಡ್ಡೆಯೊಂದು ಪರಿಚಯದವರ ಜಾಗದಲ್ಲಿತ್ತು. ಮುರಕಲ್ಲಿನ ನೆಲದ ಗುಣ ವಿಚಿತ್ರ. ಮೇಲೆ ನುಣುಪಾದ ಕೆಂಪು ಧೂಳು, ಅದರಡಿಯಲ್ಲಿ ಕಡಲೆಯಂಥ ಹರಳು, ಅದರಡಿಯಲ್ಲಿ ಕಲ್ಲಿನಂಥ ಹಾಸು. ಚಕ್ರ ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚುತ್ತದೆ. ಮೊದಲ ದಿನ ಹಳೆಯ ಗಡಸು ಸ್ಪ್ರಿಂಗಿನಲ್ಲಿಯೇ ನಾಲ್ಕು ಸುತ್ತು ಹೊಡೆಯಿರೆಂದು ಮೇಸ್ತ್ರಿಯವರು ಹೇಳಿದರು. ಎಲ್ಲರೂ ಓಡುವ ಕಾರನ್ನು ನೋಡುತ್ತಿದ್ದರೆ ಅವರು ಮಾತ್ರ ಕಾರು ಹೋದ ಮೇಲೆ ದಾರಿಯಲ್ಲಿ ಬಗ್ಗಿ ನಡೆಯುತ್ತ ಧೂಳಿನ ಮೇಲಿನ ಟಯರಿನ ಗುರುತನ್ನು ನೋಡಿದರು. ತಿರುವಿನಲ್ಲಿ ಗುರುತು ಅಲ್ಲಲ್ಲಿ ತುಂಡಾಗಿತ್ತು. ಒಂದು ಗೇಣು ಗುರುತು, ಒಂದು ಗೇಣು ಬರಿಯ ಧೂಳು. ಬರಿಯ ಧೂಳಿದ್ದಲ್ಲೆಲ್ಲ ಚಕ್ರ ಗಾಳಿಯಲ್ಲಿತ್ತು.

ಬಳಿಕ ಜೋಡಿ ಸ್ಪ್ರಿಂಗುಗಳನ್ನು ತೊಡಿಸಿದರು. ಸ್ಪ್ರಿಂಗೊಂದನ್ನೇ ಬದಲಿಸಿದರೆ ಕೆಲಸ ಮುಗಿಯದೆಂಬುದು ಮಾವನಿಗೂ ಗೊತ್ತು. ಪ್ಲೇಟುಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತ ತಾನಾಗಿಯೇ ಸ್ವಲ್ಪ ಅಡಗುತ್ತದೆ. ಸುರುಳಿಗೆ ಆ ಉಜ್ಜುವಿಕೆಯಿಲ್ಲ. ಅದರ ಕುಣಿತವನ್ನು ಅಡಗಿಸುವ ಹೊಣೆಯೆಲ್ಲ ಶಾಕ್ ಅಬ್ಸಾರ್ಬರಿನ ಎಣ್ಣೆಯದು. ಶಾಕು ಅತಿ ಬಿಗಿಯಾದರೆ ಕುಗ್ಗಿದ ಸ್ಪ್ರಿಂಗು ಹಿಗ್ಗಲು ತಡವಾಗಿ ಚಕ್ರ ಮತ್ತೆ ಗಾಳಿಯಲ್ಲೇ ಉಳಿಯುತ್ತದೆ. ಅತಿ ಸಡಿಲವಾದರೆ ಕಾರು ದೋಣಿಯಂತೆ ತೂಗುತ್ತದೆ. ಸ್ಪ್ರಿಂಗು ಕೂರುವ ಜಾಗವೂ ಮುಖ್ಯ. ಏತದ ಮರದ ನಡುವೆ ನಿಂತವನಿಗೂ ತುದಿಯಲ್ಲಿ ನಿಂತವನಿಗೂ ತೂಕ ಬೇರೆಯಾಗುವಂತೆ, ತೋಳಿನ ನಡುವೆ ಕುಳಿತ ಸ್ಪ್ರಿಂಗಿನ ಗಡಸುತನದಲ್ಲಿ ನಾಲ್ಕರಲ್ಲೊಂದು ಪಾಲು ಮಾತ್ರ ಚಕ್ರಕ್ಕೆ ತಲಪುತ್ತದೆ. ಅಳಿಯನ ಕಾರಿನಲ್ಲಿ ಸ್ಪ್ರಿಂಗು ಚಕ್ರದ ಪಕ್ಕದಲ್ಲೇ ಇದ್ದುದರಿಂದ ಆ ತೊಡಕು ಬರಲಿಲ್ಲ.

ಹೊಸ ಜೋಡಿಯಲ್ಲಿ ಟಯರಿನ ಗುರುತು ಕೂಡಿಕೊಂಡಿತು. ಆದರೆ ತಿರುವಿನಲ್ಲಿ ಕಾರು ಹೊರಬದಿಗೆ ಬಹಳ ವಾಲಿತು. ಅಳಿಯ ಶಾಕು, ಟಯರಿನ ಗಾಳಿ, ಬಳೆ ಮೂರನ್ನೂ ಒಟ್ಟಿಗೆ ಬದಲಿಸ ಹೊರಟನು. ಮೇಸ್ತ್ರಿಯವರು ತಡೆದರು. ಮೂರನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದು ಹೇಗೆ? ಬಳೆಯೊಂದನ್ನೇ ಅರ್ಧ ಸೆಂಟಿಮೀಟರು ಕೆಳಗಿಳಿಸಿದರು. ಆಗ ಮೆದು ಸ್ಪ್ರಿಂಗು 300ರ ಬದಲು 275 ಕಿಲೋ ಭಾರಕ್ಕೇ ನಿಲ್ಲುತ್ತದೆ. ವಾಲುವ ಕಾರನ್ನು ಗಡಸು ಬೇಗ ಬಂದು ಹಿಡಿಯುತ್ತದೆ. ಮುಂದಿನ ಸುತ್ತಿನಲ್ಲಿ ವಾಲು ತಗ್ಗಿತು. ಮೇಸ್ತ್ರಿಯವರು ಬಗ್ಗಿ ನಡೆಯುತ್ತ ತಿರುವಿನ ಈ ತುದಿಯಿಂದ ಆ ತುದಿಯವರೆಗೆ ಹೋದರು. ಧೂಳಿನಲ್ಲಿ ಟಯರಿನ ಗುರುತು ಎಲ್ಲಿಯೂ ತುಂಡಾಗಿರಲಿಲ್ಲ. ಆಮೇಲೆಯೇ ಅವರು ತಲೆಯೆತ್ತಿ ಕಾರನ್ನು ನೋಡಿದುದು.

ಮಳೆ ಮುಗಿದ ಮೇಲೆ ಬಂದ ಓಟದಲ್ಲಿ ಅಳಿಯನಿಗೆ ಬಹುಮಾನ ಬರಲಿಲ್ಲ. ಅವನಿಗಿಂತ ಹೊಸ ಕಾರುಗಳೂ ಅನುಭವಸ್ಥರೂ ಅಲ್ಲಿದ್ದರು. ಹಿಂದಿನ ವರ್ಷ ಮಗುಚಿದ ತಿರುವನ್ನು ಅವನು ಪ್ರತಿ ಸುತ್ತಿನಲ್ಲಿಯೂ ದಾಟಿ ಓಟ ಮುಗಿಸಿದನು, ಅಷ್ಟೆ. ತಂಗಿ ನೋಡಲು ಹೋಗಿರಲಿಲ್ಲ. ಮನೆಯ ಜಗಲಿಯಲ್ಲಿ ಕುಳಿತಿದ್ದವಳು ಸಂಜೆ ಕುಂದಾಪುರಕ್ಕೆ ತಾನಾಗಿಯೇ ಫೋನು ಮಾಡಿದಳು. ಎಷ್ಟನೆಯವನಾಗಿ ಬಂದನೆಂದು ಅವಳು ಕೇಳಲಿಲ್ಲ.

"ಅಣ್ಣಯ್ಯ, ಚಕ್ರ ನೆಲ್ದಲ್ ಇತ್ತಾ?" ಎಂದು ಕೇಳಿದಳು.